ಜಾಲದ ಕಣಜಕ್ಕೆ ಗಣಕಯಂತ್ರದ ನಂಟು

ಕಾಲೇಜಿನ ಪ್ರಯೋಗಶಾಲೆಯೊಂದರಲ್ಲಿ ಇಪ್ಪತ್ತು ಗಣಕಯಂತ್ರಗಳಿವೆ ಎಂದು ಭಾವಿಸೋಣ. ಪ್ರತಿಯೊಂದರಲ್ಲಿಯೂ ಅವೇ ಪಾಠಗಳನ್ನೂ ಅವೇ ಅಂಕಿ-ಅಂಶಗಳನ್ನೂ ತುಂಬಿಡುವುದಕ್ಕಿಂತ, ಎಲ್ಲವನ್ನೂ ಒಂದೆಡೆ ಶೇಖರಿಸಿ, ಬೇಕಾದವರು ಬೇಕಾದಾಗ ಪಡೆಯುವಂತೆ ಏರ್ಪಡಿಸುವುದು ಮೇಲಲ್ಲವೆ? ಈ ಉದ್ದೇಶಕ್ಕಾಗಿ ಹುಟ್ಟಿದುದೇ ಜಾಲ-ಸಂಗ್ರಾಹಕ. ನೋಡುವುದಕ್ಕೆ ಇದೊಂದು ಪುಟ್ಟ ಪೆಟ್ಟಿಗೆ. ಅದರೊಳಗೆ ಕೆಲವು ಡಿಸ್ಕುಗಳೂ ಅವುಗಳ ಮೇಲ್ವಿಚಾರಣೆ ನಡೆಸುವ ಚಿಕ್ಕ ಗಣಕಯಂತ್ರವೂ ಇರುತ್ತವೆ.

ಆದರೆ ತಂತಿ ಜೋಡಿಸಿದ ಮಾತ್ರಕ್ಕೆ ನಂಟು ಬೆಳೆಯುವುದಿಲ್ಲ. ಊರ ಕಣಜದಿಂದ ಧಾನ್ಯ ಪಡೆಯಬೇಕೆನ್ನುವವನು ಮೊದಲು ಕಣಜವಿರುವ ಸ್ಥಳವನ್ನು ಅರಿಯಬೇಕು; ಕಾವಲುಗಾರನಿಗೆ ತಿಳಿಯುವ ಭಾಷೆಯಲ್ಲಿ ಮಾತನಾಡಬೇಕು; ತಾನು ಯಾರೆಂಬುದನ್ನು ರುಜುವಾತುಪಡಿಸಬೇಕು. ಗಣಕಯಂತ್ರವೂ ಇವೇ ಮೂರು ಮೆಟ್ಟಿಲುಗಳನ್ನು ಹತ್ತಬೇಕು.

ಮೊದಲನೆಯದು ವಿಳಾಸ. ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯಾರೂಪದ ವಿಳಾಸವುಂಟು. ಸಾಮಾನ್ಯವಾಗಿ ಬಳಕೆಯಲ್ಲಿರುವ ಪದ್ಧತಿಯಲ್ಲಿ ಅದು ೧೯೨.೧೬೮.೧.೧೦ ಎಂಬಂತೆ ನಾಲ್ಕು ಸಂಖ್ಯೆಗಳಿಂದ ಕೂಡಿರುತ್ತದೆ. ಒಂದೊಂದು ಸಂಖ್ಯೆಯೂ ೦ಯಿಂದ ೨೫೫ರವರೆಗೆ ಇರಬಹುದು.

ಎರಡನೆಯದು ಭಾಷೆ. ಕಡತವನ್ನು ತೆರೆ, ಓದು, ಬರೆ, ಮುಚ್ಚು ಎಂಬ ಆಜ್ಞೆಗಳನ್ನು ಯಾವ ಕ್ರಮದಲ್ಲಿ ಹೇಳಬೇಕೆಂಬ ಕಟ್ಟಳೆಗೆ ಪ್ರೋಟೋಕಾಲ್ ಎಂದು ಹೆಸರು. ೧೯೮೩ರಲ್ಲಿ ಐಬಿಎಂ ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ರೂಪಿಸಿದ ಎಸ್‌ಎಂಬಿ ಎಂಬುದು ಇಂಥ ಭಾಷೆಗಳಲ್ಲಿ ಒಂದು. ಮೈಕ್ರೋಸಾಫ್ಟ್ ಸಂಸ್ಥೆಯು ಇದನ್ನೇ ತನ್ನ ವಿಂಡೋಸಿನಲ್ಲಿ ಬೆಳೆಸಿತು. ಆಸ್ಟ್ರೇಲಿಯದ ಆಂಡ್ರೂ ಟ್ರಿಜೆಲ್, ಜಾಲದಲ್ಲಿ ಹರಿಯುವ ಸಂದೇಶಗಳನ್ನು ಪರಿಶೀಲಿಸಿ ಇಂಥ ಭಾಷೆಯ ವ್ಯಾಕರಣವನ್ನು ಕಂಡುಕೊಂಡರು. ೧೯೯೧ರ ಕೊನೆಯಲ್ಲಿ ಮೊದಲಾದ ಅವರ ಈ ಕೆಲಸ ಮುಂದೆ ಸಾಂಬಾ ಎಂದು ಹೆಸರಾಯಿತು. ಇಂದಿನ ಅನೇಕ ಜಾಲ-ಸಂಗ್ರಾಹಕಗಳು ವಿಂಡೋಸ್ ಯಂತ್ರಗಳೊಡನೆ ಮಾತನಾಡುವುದು ಇದರ ಮೂಲಕವೇ.

ಭಾಷೆಗೂ ಹಳತು ಹೊಸತೆಂಬ ಭೇದಗಳುಂಟು. ಗಣಕಯಂತ್ರವು ತನಗೆ ಬರುವ ಆವೃತ್ತಿಗಳ ಪಟ್ಟಿಯನ್ನು ಮೊದಲು ಕಳುಹಿಸುತ್ತದೆ. ಸಂಗ್ರಾಹಕವು ಇಬ್ಬರಿಗೂ ತಿಳಿದಿರುವವುಗಳಲ್ಲಿ ಹೊಸದನ್ನು ಆರಿಸುತ್ತದೆ.

ಮೂರನೆಯದು ಗುರುತು. ಪಾಸ್‌ವರ್ಡ್ ಎಂಬ ಗುಪ್ತಪದವನ್ನು ಜಾಲದಲ್ಲಿ ಕಳುಹಿಸಿದರೆ ಅದು ಅನ್ಯರ ಕಿವಿಗೆ ಬೀಳಬಹುದು. ಆದುದರಿಂದ ಒಂದು ಜಾಣ್ಮೆಯ ಉಪಾಯವನ್ನು ಬಳಸುವುದುಂಟು. ಸಂಗ್ರಾಹಕವು ಮನಬಂದ ಸಂಖ್ಯೆಯೊಂದನ್ನು ಕಳುಹಿಸುತ್ತದೆ. ಗಣಕಯಂತ್ರವು ಆ ಸಂಖ್ಯೆಯನ್ನೂ ಗುಪ್ತಪದವನ್ನೂ ಕೂಡಿಸಿ ಗಣಿತ ಮಾಡಿ, ಉತ್ತರವನ್ನು ಮಾತ್ರ ಹಿಂದಿರುಗಿಸುತ್ತದೆ. ಸಂಗ್ರಾಹಕವು ತಾನೂ ಅದೇ ಗಣಿತ ಮಾಡಿ ತಾಳೆ ನೋಡುತ್ತದೆ. ತಾಳೆಯಾದರೆ ಬಾಗಿಲು ತೆರೆಯುತ್ತದೆ. ಅನಂತರವೂ ಯಾವ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ನಿಯಮ ಇದ್ದೇ ಇರುತ್ತದೆ.

ವಿಳಾಸವೂ ಗುಪ್ತಪದವೂ ಸರಿಯಾಗಿದ್ದು, ಹಳೆಯ ಸಂಗ್ರಾಹಕವೊಂದು ಹೊಸ ಗಣಕಯಂತ್ರಕ್ಕೆ ಒಗ್ಗದೆ ಹೋಗುವುದುಂಟು. ಇದಕ್ಕೆ ಕಾರಣವೇನು? ಹಳೆಯ ಪೆಟ್ಟಿಗೆಗೆ ಎಸ್‌ಎಂಬಿಯ ಮೊದಲನೆಯ ಆವೃತ್ತಿ ಮಾತ್ರ ತಿಳಿದಿರಬಹುದು. ಹೊಸ ಯಂತ್ರವೋ ಆ ಭಾಷೆಯನ್ನು ಆಡಲೊಲ್ಲದು. ಇದು ಯಂತ್ರದ ಹಟವಲ್ಲ, ಎಚ್ಚರಿಕೆ. ೨೦೧೭ರ ಮೇ ತಿಂಗಳಿನಲ್ಲಿ ವನ್ನಾಕ್ರೈ ಎಂಬ ದುಷ್ಟ ಕ್ರಮವಿಧಿಯು, ವಿಂಡೋಸಿನ ಮೊದಲ ಆವೃತ್ತಿಯ ಎಸ್‌ಎಂಬಿಯಲ್ಲಿದ್ದ ದೋಷದ ಮೂಲಕವೇ ಯಂತ್ರದಿಂದ ಯಂತ್ರಕ್ಕೆ ಹಬ್ಬಿ, ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ದೋಷಕ್ಕೆ ಪರಿಹಾರವು ಮಾರ್ಚಿಯಲ್ಲಿಯೇ ಪ್ರಕಟವಾಗಿದ್ದರೂ ಅನೇಕರು ಅದನ್ನು ಅಳವಡಿಸಿಕೊಂಡಿರಲಿಲ್ಲ. ಅದೇ ವರ್ಷದ ಕೊನೆಯ ಭಾಗದಿಂದ ಹೊಸ ವಿಂಡೋಸಿನಲ್ಲಿ ಆ ಹಳೆಯ ಆವೃತ್ತಿಯನ್ನು ತಾನಾಗಿ ಸ್ಥಾಪಿಸುವ ವಾಡಿಕೆ ನಿಂತಿತು.

ಹೀಗಿರಲು, ಪೆಟ್ಟಿಗೆ ಒಗ್ಗಲಿಲ್ಲವೆಂದು ಹಳೆಯ ಭಾಷೆಗೆ ಮತ್ತೆ ಬಾಗಿಲು ತೆರೆಯುವುದು ಜಾಣತನವಲ್ಲ. ಮೊದಲು ಸಂಗ್ರಾಹಕದ ಕ್ರಮವಿಧಿಯನ್ನು ನವೀಕರಿಸಿ, ಎರಡನೆಯ ಅಥವಾ ಮೂರನೆಯ ಆವೃತ್ತಿಯನ್ನು ಕಲಿಸಲು ಸಾಧ್ಯವೇ ಎಂದು ನೋಡಬೇಕು. ೨೦೧೨ರಲ್ಲಿ ಬಂದ ಮೂರನೆಯದರಲ್ಲಿ ಸಂದೇಶಗಳನ್ನು ಗೂಢಲಿಪಿಯಲ್ಲಿ ಸಾಗಿಸುವ ಸೌಕರ್ಯವೂ ಉಂಟು. ಅದು ಸಾಧ್ಯವಾಗದಿದ್ದಲ್ಲಿ ಕಡತಗಳನ್ನು ಬೇರೆಡೆಗೆ ಸಾಗಿಸಿ, ಆ ಪೆಟ್ಟಿಗೆಗೆ ವಿಶ್ರಾಂತಿ ಕೊಡುವುದೇ ಲೇಸು.

ಇನ್ನೊಂದು ಮಾತು. ಗಣಕಯಂತ್ರಕ್ಕೆ ಅಂಟಿದ ರೋಗವು ಅದು ಬರೆಯಬಲ್ಲ ಕಣಜಕ್ಕೂ ತಗಲುತ್ತದೆ. ಆದುದರಿಂದ ಮುಖ್ಯವಾದ ಕಡತಗಳ ಮತ್ತೊಂದು ಪ್ರತಿಯನ್ನು ಜಾಲದಿಂದ ಬೇರ್ಪಟ್ಟ ಡಿಸ್ಕಿನಲ್ಲಿ ಇಟ್ಟಿರುವುದು ಅವಶ್ಯಕ. ಬಿತ್ತನೆಯ ಬೀಜವನ್ನು ನಮ್ಮ ರೈತರು ಊಟದ ಧಾನ್ಯದೊಡನೆ ಬೆರೆಸಿಡುವುದಿಲ್ಲವಷ್ಟೆ.