ಸೂರಕ್ಕಿಯ ಬಣ್ಣ ಎಲ್ಲಿದೆ?

ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬ ವಾಡಿಯ ತನ್ನ ಮನೆಯಂಗಳದ ದಾಸವಾಳ ಗಿಡದಲ್ಲಿ ತೆಗೆದ ಎರಡು ಛಾಯಾಚಿತ್ರಗಳನ್ನು ತಂದು ತೋರಿಸಿದ. ಒಂದರಲ್ಲಿ ಅಚ್ಚಗಪ್ಪು ಹಕ್ಕಿ. ಇನ್ನೊಂದರಲ್ಲಿ ನೀಲಿ-ನೇರಳೆಯಾಗಿ ಹೊಳೆಯುವ ಹಕ್ಕಿ. "ಸರ್, ಇವು ಎರಡು ಬೇರೆ ಜಾತಿ ಅಲ್ಲವೇ?" ಎಂದು ಕೇಳಿದ. ಎರಡೂ ನೇರಳೆ ಸೂರಕ್ಕಿಯ ಗಂಡೇ. ಬೆಳಕು ಬಿದ್ದ ಕೋನ ಮಾತ್ರ ಬೇರೆ.

ಸುಮಾರು 10 ಸೆಂ.ಮೀ. ಉದ್ದದ, 10 ಗ್ರಾಂ ಕೂಡ ತೂಗದ ಈ ಹಾಡುಹಕ್ಕಿ ನಮ್ಮ ಭಾಗದಲ್ಲಿ ಅಪರೂಪವೇನಲ್ಲ. ಸೇಡಂ, ಚಿತ್ತಾಪುರದ ತೊಗರಿ ಹೊಲಗಳ ಬದುವಿನಲ್ಲಿ, ಶಹಾಬಾದಿನ ಕಲ್ಲುಗಣಿಗಳ ಅಂಚಿನ ಪೊದೆಗಳಲ್ಲಿ ಹುಡುಕಿದರೆ ಸಿಗುತ್ತದೆ. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿ ಕಾಡಿನಲ್ಲಿ ಮುತ್ತುಗ ಹೂಬಿಟ್ಟಾಗ, ಎಲೆಯಿಲ್ಲದ ಕೊಂಬೆಗಳ ಮೇಲೆ ಅದನ್ನು ನೋಡುವುದು ಇನ್ನೂ ಸುಲಭ.

ಹೊಳೆಯುವ ಆ ನೀಲಿ, ಗರಿಗೆ ಬಳಿದ ಬಣ್ಣವಲ್ಲ. ಗರಿಯ ಅತಿ ಸಣ್ಣ ಎಳೆಗಳಲ್ಲಿ ಮೆಲನಿನ್ ಕಣಗಳೂ ಕೆರಾಟಿನ್ ಪ್ರೋಟೀನೂ ಪದರ ಪದರವಾಗಿ ಜೋಡಣೆಗೊಂಡಿವೆ. ಪ್ರತಿ ಪದರದಿಂದಲೂ ಬೆಳಕು ಪ್ರತಿಫಲಿಸುತ್ತದೆ. ಯಾವ ತರಂಗದೂರದ ಅಲೆಗಳು ಒಂದಕ್ಕೊಂದು ಹೊಂದಿಕೊಂಡು ಹೊರಬರುತ್ತವೆಯೋ ಆ ಬಣ್ಣ ಬಲಗೊಳ್ಳುತ್ತದೆ. ಉಳಿದ ಬೆಳಕಿನ ಬಹುಪಾಲನ್ನು ಮೆಲನಿನ್ ಹೀರಿಬಿಡುತ್ತದೆ. ಸಾಬೂನಿನ ಗುಳ್ಳೆಯಲ್ಲಿ ಕಾಣುವ ವ್ಯತಿಕರಣವೇ ಇದು. ಪ್ರತಿಫಲಿತ ಬೆಳಕು ನಿಮ್ಮ ಕಡೆಗೆ ಬಾರದಿದ್ದರೆ ಹಕ್ಕಿ ಕಪ್ಪಾಗಿಯೇ ಕಾಣುತ್ತದೆ.

ಇದರಲ್ಲಿ ನಮ್ಮ ರಾಜ್ಯಕ್ಕೂ ಒಂದು ಪಾಲಿದೆ. 1934ರಲ್ಲಿ ಬೆಂಗಳೂರಿನಲ್ಲಿದ್ದ ಸಿ.ವಿ. ರಾಮನ್, ಹಕ್ಕಿಗಳ ಗರಿಯ ಬಣ್ಣದ ಮೂಲವನ್ನು ಕುರಿತು ಪ್ರಬಂಧ ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ಇಂದು ನಮ್ಮ ರಾಜ್ಯಪಕ್ಷಿಯಾಗಿರುವ ನೀಲಕಂಠದ ಗರಿಗಳನ್ನು. ಅದರ ನೀಲಿಯೂ ಗರಿಯ ಸೂಕ್ಷ್ಮ ರಚನೆಯಿಂದಲೇ ಬರುತ್ತದೆ.

ಹಾಗಾದರೆ ಸೂರಕ್ಕಿಯ ಚಿತ್ರ ತೆಗೆಯುವುದು ಹೇಗೆ? ಬೆಳಗಿನ ಓರೆ ಬಿಸಿಲಿನಲ್ಲಿ, ಸೂರ್ಯ ನಿಮ್ಮ ಬೆನ್ನಿಗಿರುವಂತೆ ನಿಲ್ಲಿ. 300 ಮಿ.ಮೀ. ಸಂಗಮದೂರದ ಮಸೂರದಿಂದ 10 ಮೀಟರ್ ಆಚೆಯ ಹಕ್ಕಿಯನ್ನು ನೋಡಿದರೆ, ಸಂವೇದಕದ ಮೇಲೆ ಬೀಳುವ ಬಿಂಬ ಸುಮಾರು 3 ಮಿ.ಮೀ. ಮಾತ್ರ. ಹಕ್ಕಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಅಡ್ಡ ಸರಿದರೆ, ಸೆಕೆಂಡಿನ 1/100 ಭಾಗದಲ್ಲಿ ಬಿಂಬ 0.3 ಮಿ.ಮೀ. ಜರುಗಿ ಚಿತ್ರ ಮಸುಕಾಗುತ್ತದೆ. ಷಟರ್ 1/1000 ಸೆಕೆಂಡ್ ಮಾತ್ರ ತೆರೆದರೆ ಈ ಜರುಗು ಹತ್ತನೆಯ ಒಂದಂಶಕ್ಕೆ ಇಳಿಯುತ್ತದೆ.

ದೂರವನ್ನು 5 ಮೀಟರಿಗೆ ಇಳಿಸಿದರೆ ಬಿಂಬದ ಉದ್ದ ಇಮ್ಮಡಿ, ವಿಸ್ತೀರ್ಣ ನಾಲ್ಮಡಿ. ಹತ್ತಿರ ಹೋಗುವ ಆಸೆ ಹುಟ್ಟುವುದು ಇಲ್ಲಿಯೇ. ಒಮ್ಮೆ ನಾನೇ ಸೂರಕ್ಕಿಯ ತೂಗುಗೂಡಿನ ಮುಂದಿದ್ದ ರೆಂಬೆಯೊಂದನ್ನು ಬಗ್ಗಿಸಿ ಕಟ್ಟಿ ಚಿತ್ರ ತೆಗೆದೆ. ಮೂರು ದಿನ ಬಿಟ್ಟು ನೋಡಿದಾಗ ಗೂಡು ಬರಿದಾಗಿತ್ತು. ಕಾರಣ ನಾನೇ ಎಂದು ಸಾಧಿಸಲಾರೆ. ಅಲ್ಲ ಎಂದು ಹೇಳುವ ಧೈರ್ಯವೂ ಇಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಆ ನಾಲ್ಕು ಎಲೆಗಳು ಮರಿಗಳಿಗೆ ನೆರಳು. ಕಾಗೆಯ ಕಣ್ಣಿಗೆ ಮರೆ. ಆ ಚಿತ್ರವನ್ನು ನಾನು ಯಾರಿಗೂ ತೋರಿಸಿಲ್ಲ. ಗೂಡಿನ ಬಳಿ ಹೋಗಬೇಡಿ. ಹೂವಿನ ಗಿಡದ ಬಳಿ ಕಾಯಿರಿ, ಹಕ್ಕಿಯೇ ಬರುತ್ತದೆ.

ತೆಗೆದ ಪ್ರತಿ ಚಿತ್ರದ ಜೊತೆಗೆ ದಿನಾಂಕ, ವೇಳೆ, ಸ್ಥಳ, ಸೂರ್ಯನಿದ್ದ ದಿಕ್ಕು ಇವನ್ನು ಬರೆದಿಡಿ. ಆಗ ಚಿತ್ರ ಒಂದು ದಾಖಲೆಯಾಗುತ್ತದೆ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡು ಸೂರಕ್ಕಿ ಹೊಳಪಿನ ಗರಿಗಳನ್ನು ಉದುರಿಸಿ ಹೆಣ್ಣಿನಂತೆ ಹಳದಿಯಾಗುತ್ತದೆ. ಗಂಟಲಿನಿಂದ ಕೆಳಗೆ ಒಂದು ಕಪ್ಪು ಪಟ್ಟಿ ಮಾತ್ರ ಉಳಿಯುತ್ತದೆ. ಇದು ನಿಮ್ಮೂರಿನಲ್ಲಿ ಯಾವ ತಿಂಗಳಲ್ಲಿ ಆಗುತ್ತದೆ? ಶಾಲೆಯಂಗಳದ ಒಂದು ದಾಸವಾಳ ಗಿಡವನ್ನು ವರ್ಷವಿಡೀ ಗಮನಿಸಿದರೆ ಮಕ್ಕಳೇ ಉತ್ತರ ಕಂಡುಕೊಳ್ಳಬಲ್ಲರು. ಅದಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಒಂದು ನೋಟ್‌ಬುಕ್ ಸಾಕು.