ಹಾಸಿಗೆ ಕೊಡವಿದಾಗ

ಬೆಳಗ್ಗೆ ಕಣ್ಣು ಬಿಟ್ಟೊಡನೆ ಸಾಲಾಗಿ ಎಂಟು-ಹತ್ತು ಸೀನು. ಮೂಗಿನಲ್ಲಿ ನೀರು, ಕಣ್ಣಿನಲ್ಲಿ ತುರಿಕೆ. ಸ್ನಾನ ಮುಗಿಸಿ ತಿಂಡಿಗೆ ಕೂರುವ ಹೊತ್ತಿಗೆ ಎಲ್ಲ ಮಾಯ. ಇಂಥವರು ನಿಮ್ಮ ಮನೆಯಲ್ಲಿಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇದ್ದೇ ಇರುತ್ತಾರೆ. "ನಂಗೆ ಥಂಡಿ ಗಾಳಿ ಆಗಿಬರಲ್ಲ" ಎಂದು ಕಿಟಕಿ ಭದ್ರ ಮಾಡಿ ಮಲಗುವುದು ಅವರು ಕಂಡುಕೊಂಡ ಮದ್ದು. ಸೀನಿನ ಮೂಲ ಬಹಳ ಸಲ ಅವರ ತಲೆದಿಂಬಿನಲ್ಲೇ ಇರುತ್ತದೆ.

ಹೊದಿಕೆ ಮಡಿಸುವ ಮುನ್ನ ಒಮ್ಮೆ ಜೋರಾಗಿ ಕೊಡವುತ್ತೇವಲ್ಲ, ಆಗ ಕಿಟಕಿಯಿಂದ ಬಿದ್ದ ಬಿಸಿಲುಕೋಲನ್ನು ನೋಡಿ. ಕಣಗಳು ಮಿನುಗುತ್ತ ಮೇಲೇಳುತ್ತವೆ. ಬಟ್ಟೆಯ ಎಳೆ, ಮಣ್ಣು, ಮಸಿ, ಜತೆಗೆ ನಮ್ಮದೇ ಮೈಯಿಂದ ಉದುರಿದ ಚರ್ಮದ ಹೊಟ್ಟು. ಆ ಹೊಟ್ಟು ತಿಂದು ಬದುಕುವ ಜೀವಿಯೇ ದೂಳುನುಸಿ. ತೆಂಗು ಬೆಳೆಯುವವರಿಗೆ ಕಾಯಿಯನ್ನು ಕಾಡುವ ನುಸಿ ಗೊತ್ತು; ಇದು ಅದರ ದೂರದ ನೆಂಟ. ಎಂಟು ಕಾಲು, ಬಣ್ಣವಿಲ್ಲದ ಮೈ, ಮಿಲಿಮೀಟರಿನ ಕಾಲು ಭಾಗದಷ್ಟು ಉದ್ದ. ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ತಿಗಣೆಗೆ ಸಿಕ್ಕ ಕುಖ್ಯಾತಿ ಇದಕ್ಕೆ ಸಿಗದಿದ್ದುದು ಅದಕ್ಕೇ.

ಮನೆಯ ದೂಳು ಕೆಲವರಿಗೆ ಉಬ್ಬಸ ತರುತ್ತದೆಂಬುದು ವೈದ್ಯರಿಗೆ ಮೊದಲಿನಿಂದ ಗೊತ್ತಿತ್ತು. ದೂಳಿನಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ. 1964ರಲ್ಲಿ ನೆದರ್ಲೆಂಡ್ಸಿನ ಲೈಡನ್ ಊರಿನಲ್ಲಿ ವೈದ್ಯ ಫೋರ್‌ಹೋರ್ಸ್ಟ್ ಮತ್ತು ಜೀವವಿಜ್ಞಾನಿ ಸ್ಪೀಕ್ಸ್ಮಾ ಈ ನುಸಿಯ ಕಡೆ ಬೆರಳು ತೋರಿದರು. ಆ ದೇಶದ ತೇವದ ಮನೆಗಳಲ್ಲಿ ಗೂರಲಿನಿಂದ ಬಳಲುತ್ತಿದ್ದವರು ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಹೋದರೆ ಚೇತರಿಸಿಕೊಳ್ಳುತ್ತಿದ್ದರು. ಬೆಟ್ಟದ ಹವೆಯ ಮಹಿಮೆ ಎಂದುಕೊಂಡಿದ್ದರ ಹಿಂದೆ ಒಂದು ಸರಳ ಸಂಗತಿಯಿತ್ತು: ಅಲ್ಲಿನ ಒಣ ಮನೆಗಳ ದೂಳಿನಲ್ಲಿ ನುಸಿ ಬಲು ಕಡಿಮೆ. ಈ ಜೀವಿ ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ತೇವಾಂಶ ಬಹುಕಾಲ ಶೇ. 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ.

ನಮ್ಮನ್ನು ಹೆಚ್ಚು ಕಾಡುವುದು ಅದರ ಹಿಕ್ಕೆ. ಒಂದು ನುಸಿ ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ಅದರಲ್ಲಿ ನುಸಿಯ ಹೊಟ್ಟೆಯ ಜೀರ್ಣರಸವೂ ಇರುತ್ತದೆ. ಅದು ನಮ್ಮ ಉಸಿರುದಾರಿಯ ಒಳಪೊರೆಯಲ್ಲಿ ಜೀವಕೋಶಗಳ ಬೆಸುಗೆಯನ್ನೇ ಸಡಿಲಿಸುತ್ತದೆ. ಹಿಕ್ಕೆಯ ಗಾತ್ರ 10ರಿಂದ 40 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್). ಗಾಳಿಯ ಲೆಕ್ಕದಲ್ಲಿ ಇದು ಭಾರವಾದ ಸರಕು. ಹಾಸಿಗೆ ಕೊಡವಿದಾಗ ಏಳುತ್ತದೆ, ಅರ್ಧ ಗಂಟೆಯೊಳಗೆ ಬಹುಪಾಲು ಮತ್ತೆ ಕೆಳಗಿಳಿಯುತ್ತದೆ.

ಈ ಲೆಕ್ಕ ತಿಳಿಯದೆ ಎಷ್ಟೋ ಜನ ಸಾವಿರಾರು ರೂಪಾಯಿ ಕೊಟ್ಟು ಏರ್ ಪ್ಯೂರಿಫೈಯರ್ ತಂದು ಮೂಲೆಯಲ್ಲಿಡುತ್ತಾರೆ. ಅದರೊಳಗಿನ ಹೆಪಾ ಜಾಲರಿ ಒಳ್ಳೆಯ ಜಾಲರಿಯೇ, 0.3 ಮೈಕ್ರಾನಿನ ಕಣದಲ್ಲೂ ಶೇ. 99.97ರಷ್ಟನ್ನು ಹಿಡಿಯುತ್ತದೆ. ಆದರೆ ತನ್ನ ಬಳಿ ಬಂದದ್ದನ್ನು ಮಾತ್ರ. ಬೆಕ್ಕಿನ ಅಲರ್ಜಿಯ ಕಣಗಳು ಹಗುರ, ಗಂಟೆಗಟ್ಟಲೆ ತೇಲುತ್ತವೆ. ಬೆಕ್ಕು ಸಾಕಿದ ಮನೆಯಲ್ಲಿ ಯಂತ್ರಕ್ಕೆ ಕೆಲಸವಿದೆ. ದಿಂಬಿನೊಳಗಿನ ಹಿಕ್ಕೆಗೂ ಅದಕ್ಕೂ ಭೇಟಿಯೇ ಆಗುವುದಿಲ್ಲ. ಆ ದುಡ್ಡು ಮೊದಲು ಹಾಸಿಗೆಗೆ ಹೋಗಲಿ.

ಬಿಸಿಲು ಪುಕ್ಕಟೆ ಸಿಗುವ ಔಷಧಿ. ಹಿಂದೆ ಹತ್ತಿ ಹಿಂಜುವವರು ಮನೆ ಬಾಗಿಲಿಗೆ ಬಂದು, ಗಂಟುಗಟ್ಟಿದ ಹಾಸಿಗೆ ಬಿಚ್ಚಿ, ಅರಳೆಯನ್ನು ಹಿಂಜಿ ಹೊಸದಾಗಿ ತುಂಬಿಕೊಡುತ್ತಿದ್ದರು. (ಆ ದೂಳನ್ನೆಲ್ಲ ಕುಡಿದವರು ಅವರು.) ಈಗಿನ ಫೋಮ್ ಹಾಸಿಗೆ ಒಂದು ಸಲ ಮಂಚ ಏರಿದರೆ ಹತ್ತು ವರ್ಷ ಇಳಿಯುವುದಿಲ್ಲ. ದಿಂಬು, ಕೌದಿ, ಜಮಖಾನೆಯನ್ನಾದರೂ ತಾರಸಿಯ ಮೇಲೆ ಸುಡುಬಿಸಿಲಿಗೆ ಹಾಕಿ, ಮಧ್ಯೆ ಮಗುಚಿ. ಆಸ್ಟ್ರೇಲಿಯಾದಲ್ಲಿ ಕಾರ್ಪೆಟ್ಟನ್ನು ನೇರ ಬಿಸಿಲಿಗೆ ಹಾಸಿ ನೋಡಿದಾಗ ನುಸಿಗಳೆಲ್ಲ ಸತ್ತಿದ್ದವು. ಸತ್ತರೂ ಹಿಕ್ಕೆ ಉಳಿಯುತ್ತದೆ, ಅದಕ್ಕೆ ಹೊರಗೇ ಕೋಲಿನಿಂದ ಬಡಿಯಬೇಕು. ಬಡಿಯುವವರು ಸೀನುವವರಾಗಬಾರದು.

ಮಳೆಗಾಲದ ಉಡುಪಿಯಲ್ಲೋ ತೀರ್ಥಹಳ್ಳಿಯಲ್ಲೋ ಈ ಮಾತು ನಗೆಪಾಟಲು. ಒಣಗಲು ಹಾಕಿದ ಬನಿಯನ್ನೇ ಮೂರು ದಿನಕ್ಕೂ ಒಣಗದು, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಅಲ್ಲಿ ಶೇ. 50ರ ತೇವಾಂಶ ಕನಸಿನ ಮಾತು. ಅಲ್ಲಿಗೆ ಬಿಸಿನೀರು. ಬಚ್ಚಲೊಲೆಯ ಹಂಡೆಯಲ್ಲಿ ಕೈ ಇಡಲಾಗದಷ್ಟು ಕಾದ ನೀರು, ಎಂದರೆ 55-60 ಡಿಗ್ರಿ ಸೆಲ್ಸಿಯಸ್, ನುಸಿಯನ್ನು ಕೊಲ್ಲುತ್ತದೆ. ಹಾಸುವ ಬಟ್ಟೆ, ದಿಂಬಿನ ಚೀಲ ವಾರಕ್ಕೊಮ್ಮೆ ಅದರಲ್ಲಿ ನೆನೆಸಿ ತೊಳೆದರೆ ಸಾಕು. ತಣ್ಣೀರಿನಲ್ಲಿ ಒಗೆದರೂ ನಷ್ಟವಿಲ್ಲ. ನುಸಿ ಬದುಕುಳಿದರೂ ಹಿಕ್ಕೆಯ ಹೆಚ್ಚಿನ ಭಾಗ ನೀರಿನಲ್ಲಿ ಕರಗಿ ಹೋಗುತ್ತದೆ.

ಹಾಸಿಗೆ, ದಿಂಬನ್ನು ಪೂರ್ತಿ ಮುಚ್ಚಿ ಜಿಪ್ ಎಳೆಯುವ ಒತ್ತು ನೇಯ್ಗೆಯ ಹೊದಿಕೆಗಳು ಬಂದಿವೆ. ಅವುಗಳ ರಂಧ್ರ 10 ಮೈಕ್ರಾನಿಗಿಂತ ಕಿರಿದಿರಬೇಕು. 2003ರಲ್ಲಿ ಬ್ರಿಟನ್ನಿನಲ್ಲಿ 1,100ಕ್ಕೂ ಹೆಚ್ಚು ಆಸ್ತಮಾ ರೋಗಿಗಳ ಮೇಲೆ ಇದರ ಪರೀಕ್ಷೆ ನಡೆಯಿತು. ಬರೀ ಹೊದಿಕೆಯಿಂದ ವಯಸ್ಕರಿಗೆ ಏನೂ ಪ್ರಯೋಜನ ಕಾಣಲಿಲ್ಲ. 2017ರಲ್ಲಿ ಅದೇ ದೇಶದಲ್ಲಿ ನುಸಿಯ ಅಲರ್ಜಿಯಿದ್ದ ಮಕ್ಕಳ ಮೇಲೆ ನಡೆದ ಇಂಥದೇ ಹೊದಿಕೆಯ ಪರೀಕ್ಷೆಯಲ್ಲಿ, ಉಬ್ಬಸ ಉಲ್ಬಣಿಸಿ ಆಸ್ಪತ್ರೆಗೆ ಓಡಬೇಕಾದವರ ಸಂಖ್ಯೆ ಇಳಿದಿತ್ತು. ಹಾಗಾಗಿ ಮನೆಯಲ್ಲಿ ದುಡ್ಡು ಕಡಿಮೆಯಿದ್ದರೆ ಮೊದಲ ಹೊದಿಕೆ ಮಗುವಿನ ದಿಂಬಿಗೆ ಎಂಬುದು ನನ್ನ ಲೆಕ್ಕ. ವೈದ್ಯರು ಕೊಟ್ಟ ಇನ್ಹೇಲರನ್ನು ಇದನ್ನು ನಂಬಿ ಬಿಡಬಾರದು.

ಜಿರಲೆಯ ಹಿಕ್ಕೆಯೂ ಇಂಥದೇ ಕಿರಿಕಿರಿ ತರುತ್ತದೆ. ರಾತ್ರಿ ಎಂಜಲು ಪಾತ್ರೆ ಉಳಿಸದಿರುವುದು ಅದಕ್ಕೆ ಅರ್ಧ ಪರಿಹಾರ. ಊದುಬತ್ತಿ, ಸೊಳ್ಳೆಬತ್ತಿಯ ಹೊಗೆ ಅಲರ್ಜಿಯ ಕಣವಲ್ಲದಿದ್ದರೂ ಮೊದಲೇ ಕೆರಳಿದ ಮೂಗನ್ನು ಇನ್ನಷ್ಟು ಕೆರಳಿಸುತ್ತದೆ. ಒಣ ಪೊರಕೆಯಿಂದ ಗುಡಿಸಿದರೆ ನೆಲದ ದೂಳು ಮೂಗಿನ ಮಟ್ಟಕ್ಕೆ ಬರುತ್ತದೆ. ನೀರು ಚಿಮುಕಿಸಿ ಗುಡಿಸು ಎನ್ನುತ್ತಿದ್ದ ಅಜ್ಜಿಯರಿಗೆ ಮೈಕ್ರಾನ್ ಗೊತ್ತಿರಲಿಲ್ಲ, ದೂಳು ಗೊತ್ತಿತ್ತು.

ಉಳಿದದ್ದು ಮಗು ತಬ್ಬಿ ಮಲಗುವ ಕರಡಿ ಗೊಂಬೆ. ಕುದಿನೀರಿಗೆ ಹಾಕಿದರೆ ಅದರ ಆಕಾರ ಕೆಡುತ್ತದೆ, ಕಸಿದುಕೊಂಡರೆ ಮನೆ ರಣರಂಗ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದಿಡೀ ದಿನ ಫ್ರೀಜರಿನಲ್ಲಿಡಿ, ಚಳಿಗೆ ನುಸಿ ಸಾಯುತ್ತದೆ. ಆಮೇಲೆ ತಣ್ಣೀರಿನಲ್ಲೇ ತೊಳೆದು ಒಣಗಿಸಿ. ಫ್ರಿಜ್ ಬಾಗಿಲು ತೆರೆಯುವ ಅತ್ತೆಯವರಿಗೆ ಮಾತ್ರ ಮುಂಚೆಯೇ ಹೇಳಿಡಿ.