ಕೆಂಪು ಕಲ್ಲಿಗೊಂದು ಹಸಿವು, ಎರೆಮಣ್ಣಿಗೆ ಇನ್ನೊಂದು

ಬೀದರ್ ಕೋಟೆಯ ಕಂದಕಕ್ಕೆ ಇಳಿದು ನೋಡಿದವರಿಗೆ ಅಲ್ಲಿನ ಕಲ್ಲಿನ ಪರಿಚಯ ಇದ್ದೇ ಇರುತ್ತದೆ: ಕೆಂಪಗೆ, ತೂತುತೂತಾಗಿ, ಮುಟ್ಟಿದರೆ ಕೈಗೆ ಧೂಳು ಹತ್ತುವ ಜಂಬಿಟ್ಟಿಗೆ. 15ನೇ ಶತಮಾನದಲ್ಲಿ ಬಹಮನಿಗಳು ಇದನ್ನೇ ಕಡಿದು ಕಂದಕ ಮಾಡಿದರು, ಪಕ್ಕದ ನೌಬಾದಿನಲ್ಲಿ ಸುರಂಗ ಬಾವಿ ತೋಡಿಸಿದರು. ಮಳೆನೀರು ಈ ತೂತುಗಳಲ್ಲಿ ಇಳಿಯುತ್ತ ಹೋಗಿ, ಅಡಿಯ ಕಪ್ಪು ಬಸಾಲ್ಟ್ ಬಂಡೆಗೆ ಬಡಿದು ನಿಲ್ಲುತ್ತದೆ. ಸುರಂಗ ಹಿಡಿದದ್ದು ಆ ನೀರನ್ನು.

ಈ ಕಲ್ಲಿನಲ್ಲಿ ಹೆಚ್ಚಾಗಿ ಇರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ನೀರು ಸ್ವಲ್ಪ ಹುಳಿಯಾಗಿದ್ದರೆ ಇವುಗಳ ಮೈ ಧನ ವಿದ್ಯುದಂಶ ಪಡೆಯುತ್ತದೆ. ಫ್ಲೋರೈಡ್, ಆರ್ಸೆನೇಟ್‌ಗಳದು ಋಣ ವಿದ್ಯುದಂಶ, ಬಂದು ಅಂಟಿಕೊಳ್ಳುತ್ತವೆ. ಹೀಗೆ ಒಳಗೆ ಹೀರದೆ ಮೈಮೇಲೆ ಹಿಡಿದಿಡುವುದೇ ಅಧಿಶೋಷಣೆ. ಖರಗಪುರ ಐಐಟಿಯವರು ಜಂಬಿಟ್ಟಿಗೆಯನ್ನು ಪುಡಿಮಾಡಿ, ಆಮ್ಲ ಕ್ಷಾರಗಳಲ್ಲಿ ಹದಗೊಳಿಸಿ, ಪಶ್ಚಿಮ ಬಂಗಾಳದ ಆರ್ಸೆನಿಕ್ ನೀರಿಗೆ ಫಿಲ್ಟರ್ ಕಟ್ಟಿದ್ದಾರೆ. ಹದಗೊಳಿಸದ ಕಲ್ಲು ಅಷ್ಟು ಚುರುಕಲ್ಲ. ಕೋಟೆಯ ಕಲ್ಲಿನ ಚೂರು ತಂದು ಕೊಡಕ್ಕೆ ಹಾಕಿದರೆ ಕೆಂಪು ನೀರಷ್ಟೇ ಸಿಕ್ಕೀತು!

ಬೀದರಿನ ಎತ್ತರ ಇಳಿದು ಭಾಲ್ಕಿ, ಔರಾದ್ ಕಡೆ ಹೋದರೆ ಎರೆ ಭೂಮಿ. ಅದರ ಜೇಡಿಯ ಹಾಳೆಗಳ ಮೈ ತದ್ವಿರುದ್ಧ, ಋಣ. ಕ್ಯಾಲ್ಸಿಯಂ, ಸೀಸ, ಅಮೋನಿಯಂಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಯೂರಿಯಾ ಹಾಕಿದಾಗ ಮೊದಲು ಹುಟ್ಟುವುದು ಅಮೋನಿಯಂ, ಅದು ಮಣ್ಣಿನಲ್ಲೇ ಉಳಿಯುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟೂ ಋಣವೇ, ಮಣ್ಣು ಅದನ್ನು ಹತ್ತಿರ ಸೇರಿಸುವುದಿಲ್ಲ. ಬೆಳೆ ತಿಂದು ಮಿಕ್ಕದ್ದು ಮಳೆಯ ಜೊತೆ ಬಾವಿಗೆ, ಬೋರಿಗೆ. ತಿಪ್ಪೆಯ ಸಾರವೂ ಅದೇ ದಾರಿ ಹಿಡಿಯುತ್ತದೆ. ಬೀದರ್ ಜಿಲ್ಲೆಯ ಅಂತರ್ಜಲದಲ್ಲಿ ಕೆಲವೆಡೆ ನೈಟ್ರೇಟ್ ಮಿತಿ ಮೀರಿರುವುದನ್ನು ಕೇಂದ್ರ ಅಂತರ್ಜಲ ಮಂಡಳಿ ದಾಖಲಿಸಿದೆ. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಸಾಂದ್ರವಾಗುತ್ತದೆ. ಅಪಾಯ ಹೆಚ್ಚು ಈ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ, ಏಕೆಂದರೆ ರಕ್ತ ಆಮ್ಲಜನಕ ಹೊರುವುದನ್ನೇ ಇದು ತಡೆಯುತ್ತದೆ.

ಊರಿನ ಶುದ್ಧ ನೀರಿನ ಘಟಕದೊಳಗೆ ಇಣುಕಿ ನೋಡಿ. ಸಾಮಾನ್ಯವಾಗಿ ಎರಡು ಎತ್ತರದ ಸಿಲಿಂಡರುಗಳಿರುತ್ತವೆ. ಒಂದರಲ್ಲಿ ಮರಳು, ಇನ್ನೊಂದರಲ್ಲಿ ತೆಂಗಿನ ಚಿಪ್ಪಿನಂಥದ್ದರಿಂದ ಮಾಡಿದ ಸಕ್ರಿಯ ಇದ್ದಿಲು. ಒಂದು ಗ್ರಾಂ ಇದ್ದಿಲಿನ ಒಳಮೈ ಹರಡಿದರೆ ಸುಮಾರು 1000 ಚದರ ಮೀಟರ್. ಕ್ಲೋರಿನ್, ವಾಸನೆ, ಕೀಟನಾಶಕ, ಕಾರ್ಖಾನೆಗಳಿಂದ ಬರುವಂಥ ಅನೇಕ ಸಾವಯವ ರಾಸಾಯನಿಕಗಳು ಅದಕ್ಕೆ ಪ್ರಿಯ. ನೈಟ್ರೇಟ್ ಮಾತ್ರ ಅದರ ಕೈಗೂ ಸಿಗುವುದಿಲ್ಲ. ಅಲ್ಲಿ ನೈಟ್ರೇಟ್ ತಗ್ಗಿಸುವುದು ಆಮೇಲಿನ ಆರ್‌ಒ ಪೊರೆ. ಇದ್ದಿಲು ಆ ಪೊರೆಯನ್ನು ಕ್ಲೋರಿನ್ನಿನಿಂದ ಕಾಯುವ ಕಾವಲುಗಾರ. ವರ್ಷಗಟ್ಟಲೆ ಇದ್ದಿಲು ಬದಲಿಸದ ಘಟಕವನ್ನು ‘ಫಿಲ್ಟರ್ ಇದೆಯಲ್ಲ’ ಎಂದು ನಂಬುವುದು ನನಗೆ ಕಷ್ಟ.

ನೈಟ್ರೇಟ್ ಹಿಡಿಯಲು ಧನ ಮೈಯ ರೆಸಿನ್ ಮಣಿಗಳೂ ಇವೆ. ಸಾಮಾನ್ಯ ರೆಸಿನ್ನಿನ ಕಥೆ ಔರಾದ್ ಬಸ್ಸಿನ ಸೀಟಿನಂತೆ. ಸೀಟು ಖಾಲಿ ಇರುವತನಕ ನೈಟ್ರೇಟಿಗೂ ಜಾಗ. ಆದರೆ ನೀರಿನಲ್ಲಿರುವ ಸಲ್ಫೇಟ್ ಜಗಜಟ್ಟಿ. ಬಸ್ಸು ತುಂಬಿದ ಮೇಲೆ ಕೂತವರನ್ನೇ ಎಬ್ಬಿಸಿ ತಾನು ಕೂರುತ್ತದೆ. ಎಬ್ಬಿಸಿಕೊಂಡ ನೈಟ್ರೇಟೆಲ್ಲ ಒಮ್ಮೆಲೇ ಹೊರಬಂದು, ಫಿಲ್ಟರಿನಿಂದ ಇಳಿಯುವ ನೀರು ಒಳಹೋದ ನೀರಿಗಿಂತ ಕೆಟ್ಟದ್ದಾಗಬಹುದು. ಆದ್ದರಿಂದ ಆ ಹಂತಕ್ಕೆ ಮುಟ್ಟುವ ಮೊದಲೇ ರೆಸಿನ್ನನ್ನು ಉಪ್ಪುನೀರಿನಿಂದ ತೊಳೆಯಬೇಕು.

ತೊಳೆದ ನೀರು ಎಲ್ಲಿಗೆ ಹೋಗಬೇಕು? ಪಕ್ಕದ ಹೊಲಕ್ಕಂತೂ ಅಲ್ಲ. ಉಪ್ಪಿನ ಸೋಡಿಯಂ ಧನ ವಿದ್ಯುದಂಶದ್ದು, ಅದು ಗುಂಪಾಗಿ ನುಗ್ಗಿದಾಗ ಎರೆಮಣ್ಣು ಗಟ್ಟಿಯಾಗಿ ಹಿಡಿದಿದ್ದ ಕ್ಯಾಲ್ಸಿಯಂ ಕೂಡ ಜಾಗ ಬಿಡುತ್ತದೆ. ಆಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚಿ, ನೀರು ಇಂಗದೆ ಹೊಲದಲ್ಲೇ ನಿಂತು, ತೊಗರಿಯ ಬೇರು ಕೊಳೆಯುತ್ತದೆ.